ತಲೆ ಸಾಹೇಬ್ರದು, ಬಾಡಿ ನಮ್ಮನೆಯವ್ರದು

ಹಲೋ... ಯಾರು? ಯಾರು ಮಾತಾಡ್ತಿರೋದು? ಈ ನಂಬರ್ ನನಗೆ ಗೊತ್ತಿಲ್ಲ. ಕ್ರೆಡಿಟ್ ಕಾರ್ಡು, ಪ್ಲಾಟು, ಸರ್ವೇ, ಯಾವ್ದೂ ಬೇಡ ನನಗೆ ಈಗ...

...ರೀ! ನೀವಾ? ಅಯ್ಯೋ, ಎಲ್ಲಿದೀರಿ? ಜೀವ ಬಾಯಿಗೆ ಬಂದಿದೆ ಇಲ್ಲಿ. ಮೂವತ್ತು ಸಲ ಮಾಡಿದೀನಿ ನಿಮ್ಮ ಫೋನಿಗೆ. ಪ್ರತಿ ಸಲವೂ ಆ ಹೆಂಗಸು, ಚಂದಾದಾರರು ಸಂಪರ್ಕದಲ್ಲಿಲ್ಲ, ಚಂದಾದಾರರು ಸಂಪರ್ಕದಲ್ಲಿಲ್ಲ... ಏನೋ ಸಿಹಿಸುದ್ದಿ ಹೇಳೋ ಹಾಗೆ ಹೇಳ್ತಾಳೆ.

...ಚಾರ್ಜ್ ಹೋಯ್ತಾ? ಇವತ್ತೇ ಹೋಗ್ಬೇಕಿತ್ತಾ ಅದು? ಹೋದ ತಿಂಗ್ಳು ತಾನೇ ಹೊಸ ಬ್ಯಾಟರಿ ಹಾಕ್ಸಿದ್ದು! ಸರಿ, ಇದು ಯಾರ ಫೋನು ಮತ್ತೆ?

...ಬಸ್ ಸ್ಟಾಪಲ್ಲಿ ಯಾರೋ ಕೊಟ್ರಾ? ಪಾಪ, ಒಳ್ಳೆಯವ್ರು. ಹಾಂ? ಎರಡು ಫೋನಿದೆಯಾ ಅವ್ರ ಹತ್ರ? ಇರ್ಲಿ ಬಿಡಿ, ಇರೋರು ಇಟ್ಕೊಳ್ತಾರೆ. ಮೆತ್ತಗೆ ಮಾತಾಡಿ. ನಾನೂ ಮೆತ್ತಗೆ ಮಾತಾಡ್ತಿದೀನಿ, ಕೇಳಿಸ್ತಿದೆ ಅಲ್ವಾ?

...ಅಂಗಡೀಲೇ ಇದೀನಿ. ಷಟರ್ ಎಳ್ಕೊಂಡು, ಪ್ರಿಂಟಿಂಗ್ ಮಶೀನ್ ಹಿಂದೆ ನೆಲದ ಮೇಲೆ ಕೂತಿದೀನಿ. ಯಾಕೆ ಅಂದ್ರೆ... ಹೊರಗೆ ಜನ ಸೇರಿದಾರೆ ರೀ. ನಲ್ವತ್ತು, ಐವತ್ತು ಜನ. ನಿಮ್ಮನ್ನ ಕೇಳ್ತಿದಾರೆ.

...ಗಿರಾಕಿಗಳಲ್ಲ! ಐವತ್ತು ಜನ ಒಟ್ಟಿಗೆ ಯಾವಾಗ ಬಂದಿದ್ರು ನಮ್ಮ ಅಂಗಡಿಗೆ? ಕೇಳಿ ಇಲ್ಲಿ. ಬೆಳಗ್ಗೆ ಅಂಟು ತರೋಕೆ ಹೋಗುವಾಗ ನನಗೆ ಮೆಸೇಜ್ ಕಳಿಸಿದ್ರಲ್ಲ, ಬಾಯಲ್ಲಿ ಹೇಳಿ? ಏನ್ ಹೇಳಿದ್ರಿ, ನೆನಪಿದೆಯಾ?

...ಹಾಂ, ಅದೇ. "ಸಾಹೇಬ್ರ ತಲೆ ಕಟ್ ಮಾಡಿಟ್ಟಿದೀನಿ. ಬಾಡಿ ಟೇಬಲ್ ಮೇಲಿದೆ. ಮಧ್ಯಾಹ್ನ ಸರ್ಕಲಲ್ಲಿ ನೇತು ಹಾಕೋಣ, ಜನ ನೋಡ್ಲಿ." ಒಂದಕ್ಷರ ತಪ್ಪಿಲ್ಲದೆ ಬರ್ಕೊಂಡಿದೆ ನಿಮ್ಮ ಫೋನು. ಅಕ್ಕಿ ತಾ ಅಂದ್ರೆ ಹಕ್ಕಿ ತಾ ಅಂತ ಬರೆಯೋ ಫೋನು, ಇವತ್ತು ಮಾತ್ರ ಮುತ್ತು ಪೋಣಿಸಿದ ಹಾಗೆ ಬರೆದಿದೆ!

...ನನಗೆ ಬಂದಿಲ್ಲ ರೀ. ನನಗೆ ಬಂದಿದ್ರೆ ಈ ಗೋಳು ಯಾಕಿರ್ತಿತ್ತು? ಗ್ರೂಪಿಗೆ ಹೋಗಿದೆ. ಸಾಹೇಬ್ರ ಪಕ್ಷದ ಗ್ರೂಪಿಗೆ. ಕಟೌಟ್ ಡಿಸೈನ್ ತೋರ್ಸೋಕೆ ಅಂತ ನಮ್ಮಿಬ್ರನ್ನೂ ಸೇರ್ಸಿದ್ರಲ್ಲ, ಅದಕ್ಕೆ. ಒಂಬೈನೂರ ಎಂಬತ್ತು ಜನ ಇದಾರೆ ಅದ್ರಲ್ಲಿ.

...ಅಳಿಸೋಕೆ ಆಗಲ್ಲ. ನಿಮ್ಮ ಫೋನ್ ಸತ್ತಿದೆಯಲ್ಲ. ನೀವು ಅಳಿಸಿದ್ರೂ, ನೋಡಿ, ಅಳಿಸಿಬಿಟ್ಟ ಅಂತ ಇನ್ನೊಂದು ಮಾತು ಹುಟ್ಟುತ್ತೆ.

...ಯಾರು ನಂಬ್ತಾರೆ ಅಂತೀರಾ? ನಮ್ಮ ಕಸುಬಿನ ಮಾತು ನಮಗೆ ಗೊತ್ತು. ಬೇರೆಯವ್ರಿಗೆ ತಲೆ ಅಂದ್ರೆ ತಲೆ, ಬಾಡಿ ಅಂದ್ರೆ ಹೆಣ. ಅದೂ ಅಲ್ದೆ ಸಾಹೇಬ್ರು ಬೆಳಗ್ಗೆಯಿಂದ ಕಾಣಿಸ್ತಿಲ್ಲ! ಸಭೆಗೆ ಬಂದಿಲ್ಲ, ಫೋನ್ ಆಫ್. ಹಲ್ಲುಜ್ಜೋದನ್ನೂ ಲೈವ್ ಬಿಡೋ ಮನುಷ್ಯ, ಮೂರು ತಾಸಿಂದ ಒಂದು ಫೋಟೋ ಹಾಕಿಲ್ಲ. ಸತ್ತಿದಾರೆ ಅಂತ ನನಗೇ ಅನ್ನಿಸ್ತಿದೆ, ಇನ್ನು ಅವ್ರ ಕಡೆಯವ್ರಿಗೆ...

...ಶ್... ತಡೀರಿ. ತಟ್ತಿದಾರೆ.

...

...ಹೂಂ. ಇನ್ನೂ ಇದಾರೆ. ಬಾಗಿಲ ಕ್ಯಾಮೆರಾದಲ್ಲಿ ನೋಡ್ತಿದೀನಿ. ಒಂದಕ್ಕೊಂದು ಉಚಿತ ಅಂತ ಆಫರಲ್ಲಿ ತಂದ್ರಲ್ಲ, ಅದೇ. ಹತ್ತು ಸೆಕೆಂಡು ತಡವಾಗಿ ತೋರ್ಸುತ್ತೆ ರೀ ಅದು. ಧಡ್ ಅಂತ ಸದ್ದು ಮೊದ್ಲು ಬರುತ್ತೆ, ಕೈ ಆಮೇಲೆ ಕಾಣುತ್ತೆ. ಆ ಹತ್ತು ಸೆಕೆಂಡಲ್ಲಿ ಅವ್ರ ಕೈಲಿ ಏನಿದೆ, ಕಲ್ಲಾ, ಸಲಾಕೆಯಾ, ಏನೂ ಗೊತ್ತಾಗಲ್ಲ. ಅದರ ಮೇಲೆ ಟಿಣ್ ಟಿಣ್ ಅಂತ, "ನಿಮ್ಮ ಬಾಗಿಲಲ್ಲಿ ಅತಿಥಿಗಳಿದ್ದಾರೆ, ಸ್ವಾಗತಿಸಲು ಒತ್ತಿರಿ."

...ಪೊಲೀಸಿಗೆ ಮಾಡಿದೆ. ಕಳವಿಗೆ ಒಂದು ಒತ್ತಿ, ಅಪಘಾತಕ್ಕೆ ಎರಡು ಒತ್ತಿ. ಜೀವಭಯ ಇದ್ರೆ ನಾಲ್ಕು. ಒತ್ತಿದೆ. ಹಾಡು ಹಾಕಿದ್ರು. ಏಳು ನಿಮಿಷ ಕೇಳಿದೀನಿ. ಆಮೇಲೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡ್ತೀರಿ ಅಂತು.

...ಬಾಗಿಲು ತೆಗೆದು ತೋರ್ಸ್ಬೇಕಾ? ಏನ್ ತೋರ್ಸ್ಲಿ? ಪ್ಲೈವುಡ್ ತಲೆ ಇದೆ ನಿಜ. ನಾಲ್ಕಡಿ ತಲೆ, ಟೇಬಲ್ ಮೇಲೆ ಬಿದ್ಕೊಂಡು ನನ್ನನ್ನೇ ನೋಡಿ ನಗ್ತಿದೆ. ಆದ್ರೆ ಪಕ್ಕದಲ್ಲಿ ಬಿದ್ದಿರೋ ಬಾಡಿ ಯಾವ್ದು? ಹೋದ ಚುನಾವಣೇಲಿ ಆ ಕಡೆ ಪಕ್ಷದವ್ರಿಗೆ ಮಾಡಿದ್ದು! ಅವ್ರ ತಲೆ ಕಿತ್ತು ಗೋಡೆಗೆ ಒರಗಿಸಿದೀನಿ. ಇಲ್ಲಿ ಎರಡು ತಲೆ, ಒಂದು ಬಾಡಿ. ನಿಮ್ಮ ಸಾಹೇಬ್ರನ್ನ ಕೊಂದಿಲ್ಲ ಅಣ್ಣಾ, ಅವ್ರ ವಿರೋಧಿ ಮೈಗೆ ಅಂಟಿಸ್ತಿದೀವಿ ಅಷ್ಟೇ, ಅಂತ ಹೇಳ್ಲಾ?

...ಗೊತ್ತು ರೀ, ಬಾಡಿ ನಿಮ್ಮದೇ ಅಂತ. ನಾನೇ ತೆಗೆದ ಫೋಟೋ ಅಲ್ವಾ? ಹನ್ನೊಂದು ವರ್ಷದಿಂದ ಈ ಊರಲ್ಲಿ ಯಾರು ಗೆದ್ರೂ, ಸೋತ್ರೂ, ಜನಕ್ಕೆ ಕೈ ಬೀಸ್ತಿರೋದು ನೀವೇ. ಷಟರಿಗೆ ಸಿಕ್ಕಿ ಸೊಟ್ಟಗಾದ ಆ ಕಿರುಬೆರಳು ಊರಿನ ಎಲ್ಲಾ ಸರ್ಕಲಲ್ಲೂ ನಿಂತಿತ್ತು. ಒಬ್ರಾದ್ರೂ ಗಮನಿಸಿದ್ರಾ? ಎಲ್ಲರೂ ತಲೆ ನೋಡ್ತಾರೆ. ಕೈ ಯಾರು ನೋಡ್ತಾರೆ...

...ರೀ. ಒಂದು ಹೇಳ್ಬೇಕು. ಬೈಬಾರ್ದು.

...ಬೈಯಲ್ಲ ಅನ್ನಿ ಮೊದ್ಲು.

...ನಾನೂ ಗ್ರೂಪಿಗೆ ಬರೆದೆ. ಸುಮ್ನೆ ಕೂತಿರೋಕೆ ಆಗ್ಲಿಲ್ಲ. "ಅದು ಮನುಷ್ಯರ ತಲೆ ಅಲ್ಲ, ಕಟೌಟಿನ ತಲೆ. ದಯವಿಟ್ಟು ತಪ್ಪು ತಿಳೀಬೇಡಿ. ಬಾಡಿ ನನ್ನ ಯಜಮಾನರದ್ದು. ಬಲಗೈ ಕಿರುಬೆರಳು ಸೊಟ್ಟಗಿದೆ, ನೋಡಿದ ಕೂಡ್ಲೇ ಗುರುತು ಸಿಗುತ್ತೆ." ಸರಿಯಾಗೇ ಬರೆದಿದೀನಿ ಅಲ್ವಾ? ಎರಡು ಸಲ ಓದ್ಕೊಂಡೇ ಕಳಿಸಿದ್ದು.

...ಅದೇ ಎಡವಟ್ಟಾಯ್ತು. ಯಾರೋ ಮೇಲಿನ ಸಾಲು ಕತ್ತರಿಸಿಬಿಟ್ಟಿದಾರೆ. "ಬಲಗೈ ಕಿರುಬೆರಳು ಸೊಟ್ಟಗಿದೆ, ನೋಡಿದ ಕೂಡ್ಲೇ ಗುರುತು ಸಿಗುತ್ತೆ." ಅಷ್ಟು ಮಾತ್ರ ಇಟ್ಕೊಂಡು, ಕೆಳಗೆ "ಕೊಲೆಗಾರನ ಹೆಂಡತಿಯೇ ಕೊಟ್ಟ ಸುಳಿವು" ಅಂತ ಸೇರ್ಸಿ ಊರಿನ ಎಲ್ಲಾ ಗ್ರೂಪಿಗೂ ಹರಡಿದಾರೆ. ನನ್ನ ಅಕ್ಕನಿಗೂ ಬಂದಿದೆಯಂತೆ. ನಾವು ದಿನಾ ಮಾಡೋ ಕೆಲ್ಸಾನ ನಮಗೇ ಮಾಡಿದ್ರು ರೀ. ನನ್ನ ಮಾತಿನ ತಲೆ ಕತ್ತರಿಸಿ, ಬಾಡೀನ ಊರೆಲ್ಲಾ ಮೆರವಣಿಗೆ ಮಾಡ್ತಿದಾರೆ.

...ಬೈಯಲ್ಲ ಅಂದಿದ್ರಿ.

...ಅಳ್ತಿಲ್ಲ. ಹೂಂ, ಅಳ್ತಿದೀನಿ. ನಿಮಗೇನಾದ್ರೂ ಆದ್ರೆ ನಾನೇ ಕೈಯಾರೆ ಹಿಡಿದು ಕೊಟ್ಟ ಹಾಗಾಯ್ತಲ್ಲ.

...ಇಲ್ಲ, ನಿಮ್ಮ ಮುಖ ಹೆಚ್ಚಿನವ್ರಿಗೆ ಗೊತ್ತಿಲ್ಲ, ಅದೊಂದು ಪುಣ್ಯ. ನಿಮ್ಮ ಪ್ರೊಫೈಲಲ್ಲಿ ಅಂಗಡಿ ಬೋರ್ಡಿದೆ. ಬಲಗೈ ಜೇಬಲ್ಲಿಡಿ. ಇಟ್ರಾ? ಫೋನ್ ಯಾವ ಕೈಲಿದೆ? ಅಯ್ಯೋ, ಎಡಗೈಗೆ ತಗೊಳ್ಳಿ! ಎಡಗಿವಿ ಕೇಳಲ್ಲ ಅಂತ ನನಗೆ ಗೊತ್ತಿಲ್ವಾ? ಎಡಗೈಲಿ ಹಿಡ್ಕೊಂಡು ಬಲಗಿವಿಗೆ ಇಟ್ಕೊಳ್ಳಿ. ಕತ್ತು ತಿರುಗಿಸಿ. ನೋಡಿದವ್ರು ನಕ್ರೆ ನಗ್ಲಿ...

...ಇರಿ, ಇರಿ. ಗ್ರೂಪಲ್ಲಿ ಏನೋ ಬಂತು. ವಿಡಿಯೋ... ರೀ! ಸಾಹೇಬ್ರು! ಸಾಹೇಬ್ರು ರೀ! ಹಲ್ಲಿನ ಡಾಕ್ಟರ ಕುರ್ಚೀಲಿ ಮಲಗಿದಾರೆ. ಕೆನ್ನೆ ಒಂದು ಕಡೆ ಊದಿದೆ, ಮಾತು ಹೊರಡ್ತಿಲ್ಲ, ಕೈ ಬೀಸ್ತಿದಾರೆ. ದವಡೆ ಹಲ್ಲು ಕೀಳಿಸೋಕೆ ಹೋಗಿದ್ರಂತೆ. ಭಯಕ್ಕೆ ಕಿರುಚಿದ್ರೆ ಯಾರಿಗೂ ಕೇಳಿಸ್ಬಾರ್ದು ಅಂತ ಫೋನ್ ಆಫ್ ಮಾಡಿ, ಒಬ್ರಿಗೂ ಹೇಳದೆ ಹೋಗಿದ್ರಂತೆ. ಅಯ್ಯೋ ದೇವ್ರೇ, ಒಂದು ಹಲ್ಲಿಗೋಸ್ಕರ...

...ಹೊರಗಿನವ್ರೂ ನೋಡಿದ್ರು ಅನ್ಸುತ್ತೆ. ಸದ್ದು ಕಡಿಮೆ ಆಯ್ತು. ಯಾರೋ ನಗ್ತಿದಾರೆ. ಕ್ಯಾಮೆರಾದಲ್ಲಿ ಇನ್ನೂ ಮುಷ್ಟಿ ಎತ್ಕೊಂಡೇ ನಿಂತಿದಾರೆ... ಹಾಂ, ಈಗ ಇಳಿಸಿದ್ರು. ಹೊರಟ್ರು. ಹೊರಟ್ರು ರೀ, ಎಲ್ಲರೂ.

...ಬನ್ನಿ, ಬಂದುಬಿಡಿ. ಅಂಟೂ ಬೇಡ ಏನೂ ಬೇಡ. ಇವತ್ತಿಂದ ಅಂಗಡೀಲಿ ತಲೆ ಅನ್ನೋ ಮಾತೇ ಎತ್ಬೇಡಿ. ಮೇಲಿನ ಪೀಸು ಅನ್ನಿ. ನಕ್ರಾ? ನಗಿ, ನಗಿ. ಅವ್ರ ಫೋನ್ ವಾಪಸ್ ಕೊಟ್ಟು ಥ್ಯಾಂಕ್ಸ್ ಹೇಳಿ ಬನ್ನಿ...

...ಏನು? ಯಾಕೆ ದನಿ ಇಳಿಸಿದ್ರಿ?

...ಇನ್ನೊಂದು ಫೋನ್ ನೋಡ್ತಿದಾರಾ? ನೋಡ್ಲಿ ಬಿಡಿ. ಅದಕ್ಕೇ ತಾನೇ ಎರಡು ಇಟ್ಕೊಂಡಿರೋದು. ಹಾಂ? ನಿಮ್ಮನ್ನೂ ನೋಡ್ತಿದಾರಾ? ಮುಖಾನಾ?

...ಮುಖ ಅಲ್ವಾ? ಮತ್ತೆ?

...ರೀ, ಫೋನ್ ಯಾವ ಕೈಲಿದೆ? ಮತ್ತೆ ಬಲಗೈಗೆ ತಗೊಂಡ್ರಾ?

...ಅವ್ರ ಅಂಗಿ ಮೇಲೆ ಪಕ್ಷದ ಬ್ಯಾಡ್ಜ್ ಏನಾದ್ರೂ... ಇದೆಯಾ. ಮೊದ್ಲೇ ಯಾಕೆ ಹೇಳ್ಲಿಲ್ಲ! ಹೇಳಿ ಅವ್ರಿಗೆ, ಸಾಹೇಬ್ರು ಬದುಕಿದಾರೆ ಅಂತ ಹೇಳಿ. ವಿಡಿಯೋ ಬಂದಿದೆ, ನೋಡಿ ಅಂತ ಹೇಳಿ...

...ತೆರೀತಿಲ್ವಾ? ಸುತ್ತುತ್ತಾನೇ ಇದೆಯಾ? ಬರುತ್ತೆ, ಈಗ ಬರುತ್ತೆ. ಹತ್ತು ಸೆಕೆಂಡು ತಡೀರಿ ಅನ್ನಿ. ಹತ್ತೇ ಸೆಕೆಂಡು. ಯಾರನ್ನ ಕೂಗ್ತಿದಾರೆ ಅವ್ರು? ಎಷ್ಟು ಜನ ಬರ್ತಿದಾರೆ?

...ಸ್ಪೀಕರಿಗೆ ಹಾಕಿ ರೀ, ನಾನು ಹೇಳ್ತೀನಿ. ಹಾಕಿದ್ರಾ? ಅಣ್ಣಾ! ಅಣ್ಣಾ, ಕೈ ಬಿಡಿ ಅವ್ರದ್ದು, ನಾನು ಅವ್ರ ಹೆಂಡತಿ ಮಾತಾಡ್ತಿರೋದು. ಪೂರ್ತಿ ಕೇಳಿಸ್ಕೊಳ್ಳಿ ಅಣ್ಣಾ, ಮೊದ್ಲಿಂದ ಹೇಳ್ತೀನಿ, ಅದು ಮನುಷ್ಯರ ತಲೆ ಅಲ್ಲ, ಬರೀ ಕಟೌ...