ಮನೆ ಕಾಯುವ ಮೊಟ್ಟೆ

ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ ನೆವೆಂಕಾಳ ಪಕ್ಕದಲ್ಲೇ ಅಪರಿಚಿತ ಗಂಡ ಹೆಂಡತಿ ಪಿಸುಗುಡುತ್ತಿದ್ದರು. ಹೆಂಗಸಿನ ಅಂಗೈಯಲ್ಲಿ ಈಸ್ಟರ್ ಹಬ್ಬಕ್ಕೆ ಬೇಯಿಸಿ ಬಣ್ಣ ಹಚ್ಚಿದ ಕೆಂಪು ಮೊಟ್ಟೆಯಿತ್ತು.

“ಮನೆ ಕಾಯೋ ಮೊಟ್ಟೆನೇ ತಂದುಬಿಟ್ಯಾ, ಸ್ಟಾಂಕಾ? ವರ್ಷವಿಡೀ ಅದನ್ನ ಮುಟ್ಟಬಾರದು ಕಣೇ!”

“ಚಿಕ್ಕವನಿದ್ದಾಗ ನಿಮ್ಮ ಮಗ ಇಂಥದ್ದನ್ನೇ ಕದ್ದು, ಮೊಟ್ಟೆಗೆ ಮೊಟ್ಟೆ ಕುಟ್ಟೋ ಪಂದ್ಯಕ್ಕೆ ಒಯ್ದಿರಲಿಲ್ವಾ?”

“ಊರವರ ಮೊಟ್ಟೆನೆಲ್ಲ ಒಡೆದು ಗೆದ್ದು ಬಂದ, ಕಳ್ಳ!”

“ನಾನು ಬೆತ್ತ ಹಿಡಿದೆ. ನೀವು ಹೆಗಲ ಮೇಲೆ ಕೂರಿಸ್ಕೊಂಡು ಬೀದಿಯೆಲ್ಲ ಮೆರೆಸಿದ್ರಿ.”

“ಹುಲಿ ಕಣೇ ಅವನು... ಡಾಕ್ಟ್ರು ಏನಂದ್ರು?”

“ಇವತ್ತೂ ಪ್ರಜ್ಞೆ ಬರದಿದ್ರೆ ಆಸೆ ಬಿಡಿ ಅಂದ್ರು. ಮೊಟ್ಟೆ ಟಕ್ ಅಂದ್ರೆ ಎಂಥಾ ನಿದ್ದೇಲೂ ಎದ್ದು ಓಡ್ತಿದ್ದ. ಕಿವಿ ಹತ್ರ ಒಡೀತೀನಿ.”

“ಒಡೆದ್ರೆ ಮನೆ ಕಾಯೋದ್ಯಾರೇ?”

“ಅವನಿಲ್ಲದ ಮನೇನ ಯಾಕ್ರೀ ಕಾಯ್ಬೇಕು?”

ಗಂಡ ಕೋಟಿನ ಜೇಬಿನಿಂದ ಇನ್ನೊಂದು ಕೆಂಪು ಮೊಟ್ಟೆ ತೆಗೆದ.

“ಕುಟ್ಟೋಕೆ ಜೊತೆ ಬೇಕಲ್ಲ. ನಡಿ.”

ಇಬ್ಬರೂ ಒಳಹೋದರು, ಬಾಗಿಲು ಮುಚ್ಚಿತು. ನೆವೆಂಕಾ ಉಸಿರು ಬಿಗಿಹಿಡಿದು ಆ ‘ಟಕ್’ ಸದ್ದಿಗಾಗಿ ಕಿವಿಗೊಟ್ಟಳು.