ನಾಲ್ಕು ಸೆಕೆಂಡಿಗೆ ಸಿಗುವ ಮೀನು

ಎಲ್ಲರಿಗೂ ನಮಸ್ಕಾರ. ಎದುರಿನ ಸಾಲಿನಲ್ಲಿ ಕೂತಿರುವ ಯೋಗೀಶನ ತಂದೆ ದೇವದಾಸಣ್ಣ, ಯೋಗೀಶನ ಹೆಂಡತಿ ಶರ್ಮಿಳಾ, ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಂದಿರುವ ಬಂಧುಗಳೇ, ನಮ್ಮ ಕದ್ರಿ ಆಫೀಸಿನ ಸಹೋದ್ಯೋಗಿಗಳೇ, ಕಂಪೆನಿಯ ಯಜಮಾನರಾದ ಚಿತ್ತರಂಜನ ಸರ್ — ನಾನು ಇಸಿದೋರ್. ಯೋಗೀಶನ ಪಕ್ಕದ ಮೇಜಿನಲ್ಲಿ ಆರು ವರ್ಷ ಕೂತವನು.

ಹಿಂದೆ ಕೇಳ್ತದಾ? ಸರಿ.

ಸಭೆ ಶುರುವಾಗುವ ಮೊದಲು ನಮ್ಮ ಆಫೀಸಿನ ಮೋಕ್ಷಾ ನನ್ನ ಕೈಗೆ ಒಂದು ಕಾಗದ ಕೊಟ್ಟಳು. ಟೈಪ್ ಮಾಡಿದ ಕಾಗದ. ಐದು ನಿಮಿಷ, ಒಳ್ಳೆಯ ಮಾತು ಮಾತ್ರ. "ಸದಾ ಹಸನ್ಮುಖಿ, ಸರಳ ಸಜ್ಜನ, ತಂಡದ ಬೆನ್ನೆಲುಬು" ಎಂದು ಬರೆದಿದೆ. ಹಸನ್ಮುಖಿಯಂತೆ! ಆರು ವರ್ಷದಲ್ಲಿ ಅವನು ನಕ್ಕದ್ದನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಅದರಲ್ಲಿ ಮೂರು ಸಲ ನನ್ನನ್ನು ನೋಡಿ ನಕ್ಕದ್ದು. ಈ ಕಾಗದ — ಇಗೋ — ಕಿಸೆಯೊಳಗೆ ಹೋಯಿತು. ಬೇಜಾರು ಮಾಡಬೇಡ ಮೋಕ್ಷಾ, ನಿನ್ನ ತಪ್ಪಲ್ಲ.

ನನ್ನ ಬೆನ್ನ ಹಿಂದಿನ ಫ್ಲೆಕ್ಸ್ ನೋಡಿ. "ಯೋಗೀಶ್, ಮುಖ್ಯ ವಿನ್ಯಾಸಕ, ಮಿನಿ ಗೇಮ್ ವಿಭಾಗ." ಮುಖ್ಯ ವಿನ್ಯಾಸಕ! ಬದುಕಿದ್ದಾಗ ಅವನ ಐಡಿ ಕಾರ್ಡಿನಲ್ಲಿ ಕಿರಿಯ ವಿನ್ಯಾಸಕ ಎಂದಿತ್ತು. ಮೂವತ್ತೊಂಬತ್ತು ವರ್ಷವಾದರೂ ಕಿರಿಯ. ಕಳೆದ ತಿಂಗಳು ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದವನು ತಿರುಗಿ ಬರಲಿಲ್ಲ, ಬಡ್ತಿ ಮಾತ್ರ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ. ಮತ್ತೆ ಆ ವಿಭಾಗ — ಅಂಥದ್ದೊಂದು ವಿಭಾಗವೇ ನಮ್ಮಲ್ಲಿ ಇರಲಿಲ್ಲ. ಇದ್ದದ್ದು ಅವನೊಬ್ಬ.

ಬೆಂಗ್ರೆಯ ಹಿರಿಯರಿಗೆ ಈ ಮಿನಿ ಗೇಮ್ ಎಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿರುವುದು ನಿಮ್ಮ ಪುಣ್ಯ. ನಾವು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಆಡುವ ಒಂದು ದೊಡ್ಡ ಆಟ ಮಾಡಿದ್ದೇವೆ. "ಅಗ್ನಿಕೋಟೆಯ ಶಾಪ" ಎಂದು ಹೆಸರು. ಅದರಲ್ಲಿ ಒಬ್ಬ ರಾಕ್ಷಸ, ಒಬ್ಬ ವೀರ. ರಾಕ್ಷಸ ಊರೂರು ಸುಡುತ್ತಾ ಬರುತ್ತಿದ್ದಾನೆ. ಜನ ಬೊಬ್ಬೆ ಹೊಡೆಯುತ್ತಿದ್ದಾರೆ. ಕಾಪಾಡಬೇಕಾದ ವೀರ ಎಲ್ಲಿದ್ದಾನೆ? ಹೋಟೆಲಿನಲ್ಲಿ ಕೂತು ಇಸ್ಪೀಟು ಆಡುತ್ತಿದ್ದಾನೆ! ಅಥವಾ ದಾಳ ಉರುಳಿಸುತ್ತಿದ್ದಾನೆ. ಕತೆಗೂ ಅದಕ್ಕೂ ಸಂಬಂಧ ಇಲ್ಲ. ಬೇಕಾದರೆ ಆಡು, ಬೇಡವಾದರೆ ಬಿಡು. ದೊಡ್ಡ ಆಟದ ಹೊಟ್ಟೆಯೊಳಗೆ ತುರುಕಿದ ಇಂಥ ಸಣ್ಣ ಆಟಕ್ಕೆ ಮಿನಿ ಗೇಮ್ ಎನ್ನುತ್ತಾರೆ. ಏಕೆ ತುರುಕುತ್ತಾರೆ ಎಂದು ಕೇಳಿದರೆ ಉತ್ತರ ಒಂದೇ — ಬೇರೆಯವರೆಲ್ಲ ತುರುಕಿದ್ದಾರೆ.

ನಾನು ಇವನ್ನು ಪರೀಕ್ಷೆ ಮಾಡುವವನು. ಮೊದಲು ಇಪ್ಪತ್ತು ವರ್ಷ ಹಂಪನಕಟ್ಟೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಪ್ರೆಸ್ ಮುಚ್ಚಿತು, ಇಲ್ಲಿಗೆ ಬಂದೆ. ಆಗಲೂ ತಪ್ಪು ಹುಡುಕುವುದು, ಈಗಲೂ ತಪ್ಪು ಹುಡುಕುವುದು. ಮಿನಿ ಗೇಮುಗಳಲ್ಲಿ ನಾನು ಕಂಡ ದೊಡ್ಡ ತಪ್ಪು ಎಂದರೆ ಅವು ಇರುವುದೇ. ಇದನ್ನು ಯೋಗೀಶನ ಮುಖಕ್ಕೇ ಹೇಳುತ್ತಿದ್ದೆ. ಅವನು ನನ್ನನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದ, ಕ್ರಿಶ್ಚಿಯನರನ್ನು ಮರ್ಯಾದೆಯಿಂದ ಕರೆಯುವ ಹಾಗೆ. "ಪೊರ್ಬುಗಳೇ, ನೀವು ಮದುವೆಗೆ ಹೋದ್ರೂ ಆಮಂತ್ರಣ ಪತ್ರದಲ್ಲಿ ತಪ್ಪು ಹುಡುಕ್ತೀರಿ" ಎಂದ ಒಮ್ಮೆ. ಹೌದು, ಹುಡುಕುತ್ತೇನೆ. ಸಿಗುತ್ತದೆ ಕೂಡ.

ಎರಡು ವರ್ಷದ ಹಿಂದಿನ ಮೀಟಿಂಗು ನನಗೆ ಚೆನ್ನಾಗಿ ನೆನಪಿದೆ. ಚಿತ್ತರಂಜನ ಸರ್ ಬೋರ್ಡಿನ ಮೇಲೆ ನಾಲ್ಕು ಬರೆದರು — ಇಸ್ಪೀಟು, ದಾಳ, ಕುದುರೆ ಓಟ, ಮೀನು. ಯೋಗೀಶನ ಕಡೆ ಬೆರಳು ತೋರಿಸಿ, "ನೀನು ಮೀನಿನವರ ಮನೆಯವ ಅಲ್ವಾ? ನಿನಗೆ ಸುಲಭ. ಒಂದು ವಾರದಲ್ಲಿ ಮುಗಿಸು" ಎಂದರು. ಆಹಾ! ಸರ್ ಅವರ ತಂದೆಯವರದ್ದು ಬಂದರಿನಲ್ಲಿ ಮೆಣಸಿನ ಗೋದಾಮು. ಅದಕ್ಕೆ ಯಾರಾದರೂ ಇವರಿಗೆ ಮೆಣಸು ಅರೆಯಲು ಹೇಳಿದರೇ?

ಯೋಗೀಶ ಒಂದು ವಾರದಲ್ಲಿ ಮುಗಿಸಲಿಲ್ಲ. ಮೂರು ತಿಂಗಳು ಮಾಡಿದ. ಮೊದಲು ಹೊರದೇಶದ ಆಟಗಳಲ್ಲಿ ಮೀನು ಹಿಡಿಯುವುದು ಹೇಗಿದೆ ಎಂದು ನೋಡಿದ. ಗುಂಡಿ ಒತ್ತಿದರೆ ಮೀನು. ಇನ್ನೊಮ್ಮೆ ಒತ್ತಿದರೆ ಇನ್ನೊಂದು ಮೀನು, ಮನುಷ್ಯನಷ್ಟು ದೊಡ್ಡದು. "ಥತ್, ಇದೆಂತದು ಮಾರಾಯ್ರೆ! ಇವರು ಯಾರೂ ಕಡಲು ನೋಡಿದವ್ರೇ ಅಲ್ಲ" ಎಂದು ಕಂಪ್ಯೂಟರ್ ಮುಚ್ಚಿಬಿಟ್ಟ. ಆ ಭಾನುವಾರ ನನ್ನನ್ನು ತಂದೆಯ ದೋಣಿಗೆ ಹತ್ತಿಸಿದ.

ದೇವದಾಸಣ್ಣ, ನಿಮಗೆ ನೆನಪುಂಟಲ್ಲ? ಅಳಿವೆಯ ಹತ್ತಿರ ಬಲೆ ಬಿಟ್ಟಿರಿ. ಬಿಟ್ಟು ಸುಮ್ಮನೆ ಕೂತಿರಿ. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು. ನಾನು ಹೀಗೆ — ಕತ್ತು ಚಾಚಿ ನೀರು ನೋಡುವುದು, ವಾಚು ನೋಡುವುದು. ಕಡೆಗೆ ಕೇಳಿಯೇಬಿಟ್ಟೆ, "ಇನ್ನು ಎಂತ ಮಾಡ್ಲಿಕ್ಕುಂಟು?" ಎಂದು. ಆಗ ನೀವು ತಿರುಗಿಯೂ ನೋಡದೆ ಹೇಳಿದಿರಿ — "ಕುಲ್ಲು ಮಗಾ, ಅರ್ಜೆಂಟ್ ದಾಯೆ?"

ತುಳು ಬಾರದವರಿಗೆ ಹೇಳುತ್ತೇನೆ: ಕೂತುಕೋ ಮಗಾ, ಅವಸರ ಏಕೆ ಎಂದು. ಐವತ್ತನಾಲ್ಕು ವರ್ಷದ ನನಗೆ! ಯೋಗೀಶ ನಕ್ಕ. ಅದು ಮೊದಲನೆಯ ನಗು. ಮೊಬೈಲಿನಲ್ಲಿ ಆ ಮಾತನ್ನು ರೆಕಾರ್ಡ್ ಕೂಡ ಮಾಡಿಕೊಂಡಿದ್ದ.

ಅವನು ಮಾಡಿದ ಆಟ ಹೀಗಿತ್ತು. ವೀರ ಕಡಲ ತೀರಕ್ಕೆ ಬಂದರೆ ಒಬ್ಬ ಮುದುಕ, ಒಂದು ದೋಣಿ. ಹತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಲೆ ಬಿಡಬೇಕು. ಆಮೇಲೆ ಪೂರ್ತಿ ಒಂದು ನಿಮಿಷ — ಏನೂ ಇಲ್ಲ. ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ನೀರು, ದೋಣಿ ಸ್ವಲ್ಪ ಅಲುಗಾಡುವುದು, ಅಷ್ಟೆ. ನಲವತ್ತನೆಯ ಸೆಕೆಂಡಿಗೆ ಮುದುಕ ಹೇಳುತ್ತಾನೆ, "ಕುಲ್ಲು ಮಗಾ, ಅರ್ಜೆಂಟ್ ದಾಯೆ?" ದೇವದಾಸಣ್ಣನ ಸ್ವರ. ಅರುವತ್ತಕ್ಕೆ ಬಲೆ ಏಳುತ್ತದೆ. ಮೀನು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಹುಮಾನ ಇಲ್ಲ, ವಜ್ರ ಇಲ್ಲ, ಮಾಯಾ ಖಡ್ಗ ಇಲ್ಲ. "ಬೇಕಾದರೆ ಆಡು ಅಂತ ಹೇಳಿದ ಮೇಲೆ ಆಸೆ ತೋರಿಸ್ಬಾರ್ದು ಪೊರ್ಬುಗಳೇ, ಅದು ಒತ್ತಾಯ ಆಗ್ತದೆ" ಎನ್ನುತ್ತಿದ್ದ.

ಮಿನಿ ಗೇಮ್ ಎಂದರೆ ಮೂಗು ಮುರಿಯುವ ನಾನು ಇದನ್ನು ಪರೀಕ್ಷೆ ಮಾಡಲು ಕೂತವನು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ. ಹೇಳಬೇಕಿತ್ತು.

ಈಗ ನನ್ನ ಮರ್ಯಾದೆ ತೆಗೆಯುವ ಭಾಗಕ್ಕೆ ಬರುತ್ತೇನೆ. ಆಟದೊಳಗೆ ತಿಂಗಳುಗಳು ಉರುಳುತ್ತವೆ. ಒಂದು ದಿನ ನೋಡುತ್ತೇನೆ, ಮುದುಕ ದೋಣಿಯನ್ನು ಮೇಲೆಳೆದು ಕೂತು ಬಲೆ ಹೊಲಿಯುತ್ತಿದ್ದಾನೆ. ಎಷ್ಟು ಒತ್ತಿದರೂ ದೋಣಿ ನೀರಿಗೆ ಇಳಿಯುವುದಿಲ್ಲ. ನಾನು ತಕ್ಷಣ ತಪ್ಪುಗಳ ಪಟ್ಟಿಯಲ್ಲಿ ಬರೆದೆ — ಬಗ್ ನಂಬರ್ ನಾನೂರ ಹನ್ನೆರಡು: "ಎರಡು ತಿಂಗಳಿಂದ ಮೀನು ಸಿಗುತ್ತಿಲ್ಲ. ಗಂಭೀರ ದೋಷ." ಯೋಗೀಶ ಅದರ ಕೆಳಗೆ ಒಂದೇ ಸಾಲು ಬರೆದ: "ಮಳೆಗಾಲ ಮಾರಾಯ್ರೆ. ಕಡಲು ಬಂದ್."

ನಗಿ, ನಗಿ. ಅವನೂ ನಕ್ಕ. ದಿನಾ ಮೀನು ಇಲ್ಲದೆ ಅನ್ನ ಇಳಿಯದ ಮಂಗಳೂರಿನವನು ನಾನು. ಜೂನ್ ಜುಲೈ ಬಂದರೆ ಬಂದರಿನ ದಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಲ್ಲುವುದನ್ನು ಹುಟ್ಟಿದಂದಿನಿಂದ ನೋಡಿದವನು. ಆ ಎರಡು ತಿಂಗಳು ಐಸಿನ ಮೀನಿಗೆ, ಒಣಮೀನಿಗೆ ಶಾಪ ಹಾಕುತ್ತಾ ಉಣ್ಣುವವನು. ಅಂಥವನು ಮಳೆಗಾಲವನ್ನೇ ಬಗ್ ಎಂದು ಬರೆದೆ! ಆಫೀಸಿನ ಎಸಿಯೊಳಗೆ ಕೂತು ಕೂತು ಬುದ್ಧಿಗೂ ಐಸು ಹಿಡಿದಿತ್ತು.

ಆದರೆ ಇಲ್ಲಿಗೆ ಮುಗಿಯಲಿಲ್ಲ. ಚಿತ್ತರಂಜನ ಸರ್ ಅಷ್ಟರವರೆಗೆ ಆ ಮೀನಿನ ಆಟವನ್ನು ತೆರೆದವರೇ ಅಲ್ಲ. "ಗಂಭೀರ ದೋಷ" ಎಂಬ ನನ್ನ ಮಾತು ಕಂಡು ತೆರೆದರು. ಮಳೆಗಾಲ ಕಂಡಿತು. ಆ ಒಂದು ನಿಮಿಷವೂ ಕಂಡಿತು. ಮರುದಿನವೇ ಮೀಟಿಂಗು. "ಒಂದು ನಿಮಿಷ ಏನೂ ಆಗುದಿಲ್ವಾ? ತಲೆ ಸರಿ ಉಂಟಾ? ನಾಲ್ಕು ಸೆಕೆಂಡಿಗೆ ಎಂತದಾದ್ರೂ ಬರ್ಬೇಕು. ಇಲ್ಲದಿದ್ರೆ ಜನ ಬೇರೆ ಆಟಕ್ಕೆ ಹೋಗ್ತಾರೆ."

ಯೋಗೀಶ ಹೇಳಿದ, "ಹೋಗ್ಲಿ ಸರ್. ಬೇಕಾದವ್ರಿಗೆ ಮಾತ್ರ ಅಲ್ವಾ ಇದು? ಬೇಕಾದವ ಕೂತ್ಕೊಳ್ತಾನೆ."

ಸರ್ ಕೈ ಎತ್ತಲು ಹೇಳಿದರು. ನಾಲ್ಕು ಸೆಕೆಂಡು ಬೇಕು ಎನ್ನುವವರು ಕೈ ಎತ್ತಿ ಎಂದು. ಹನ್ನೊಂದು ಜನ ಇದ್ದೆವು. ಹತ್ತು ಕೈ ಮೇಲೆದ್ದವು. ಇಗೋ, ಈ ಬಲಗೈ — ಇದೂ ಎದ್ದಿತು. ಹೊಟ್ಟೆಪಾಡು ಎಂದು ಸಮಾಧಾನ ಮಾಡಿಕೊಂಡೆ. ಹೇಡಿಗೆ ಇಂಥ ನೆಪ ಬೇಗ ಸಿಗುತ್ತದೆ. ಆ ದಿನ ಸಂಜೆ ಯೋಗೀಶ ತಾನೇ ಕೂತು ಅರುವತ್ತು ಅಳಿಸಿ ನಾಲ್ಕು ಬರೆದ. ಮಳೆಗಾಲವನ್ನೂ ಅಳಿಸಿದ. ನನ್ನನ್ನು ಬೈಯಲೂ ಇಲ್ಲ.

ಈಗ ನಮ್ಮ ಆಟದಲ್ಲಿ ನಾಲ್ಕು ಸೆಕೆಂಡಿಗೊಂದು ಮೀನು. ಚಿನ್ನದ ನಾಣ್ಯ ಚಿಮ್ಮುತ್ತದೆ, ತುತ್ತೂರಿ ಊದುತ್ತದೆ. ಮುದುಕ ಈಗಲೂ ಅಲ್ಲೇ ಕೂತಿದ್ದಾನೆ, ಆದರೆ ಅವನ ಬಾಯಿ ತೆರೆಯಲು ನಲವತ್ತು ಸೆಕೆಂಡು ಬೇಕಲ್ಲ? ಯಾರೂ ಅವನ ಸ್ವರ ಕೇಳಿಲ್ಲ. ದೇವದಾಸಣ್ಣನಿಗೆ ಒಮ್ಮೆ ಮೊಬೈಲಿನಲ್ಲಿ ಆಡಿಸಿ ತೋರಿಸಿದೆವು. ಅವರು ಎರಡು ಸಲ ಒತ್ತಿ ನೋಡಿ ವಾಪಸ್ ಕೊಟ್ಟರು. "ಇದು ಮೀನು ಹಿಡಿಯುದಲ್ಲ, ಫ್ರಿಡ್ಜಿನ ಬಾಗಿಲು ತೆಗೆಯುದು" ಎಂದರು.

ಇಷ್ಟೆಲ್ಲ ಆಗಿ ಹೋದ ಮಾತು, ಈಗ ಏಕೆ ಎನ್ನುತ್ತೀರಿ. ಹೇಳುತ್ತೇನೆ. ಸೋಮವಾರ ಆಟದ ಹೊಸ ಅಪ್‌ಡೇಟ್ ಬರಲಿದೆ. ಯೋಗೀಶನ ನೆನಪಿಗಾಗಿ ಮೂರು ದಿನದ ವಿಶೇಷ. ಕಡಲಿನಲ್ಲಿ ಒಂದು ಹೊಸ ಮೀನು. ಹೆಸರು — ಬಂಗಾರದ ಯೋಗೀಶ್. ಹಿಡಿದು ಸಂತೆಯಲ್ಲಿ ಮಾರಿದರೆ ನೂರು ವಜ್ರ!

ಇದು ಗೌರವವಂತೆ. ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಲು ಶರ್ಮಿಳಾಳ ಮನೆಗೆ ಕಳಿಸಿದ್ದಾರೆ. ಅವಳು ಆ ಪತ್ರ ಹಿಡಿದುಕೊಂಡು ನನ್ನಲ್ಲಿಗೆ ಬಂದಳು. "ಇಸಿದೋರ್ ಸರ್, ನನ್ನ ಗಂಡನನ್ನು ನಾಲ್ಕು ಸೆಕೆಂಡಿಗೊಮ್ಮೆ ಹಿಡಿದು ಮಾರ್ತಾರಾ?" ಎಂದು ಕೇಳಿದಳು. ಮತ್ತೆ ಅವಳೇ ಹೇಳಿದಳು, "ನಾನು ಸಹಿ ಹಾಕುದಿಲ್ಲ. ಹೆಸರು ಬೇಡ, ಮೀನೂ ಬೇಡ. ಅವರಿಗೆ ಎಂತದಾದ್ರೂ ಮಾಡ್ಬೇಕು ಅಂತ ಇದ್ರೆ ಆ ಒಂದು ನಿಮಿಷ ವಾಪಸ್ ಇಡ್ಲಿ. ಮಾವನ ಸ್ವರ ಕೇಳ್ಲಿ. ಅಷ್ಟು ಸಾಕು."

ಚಿತ್ತರಂಜನ ಸರ್‌ಗೆ ಈ ಮಾತು ಮುಟ್ಟಿಸಿದೆ. "ನೋಡುವ" ಎಂದರು. ಈ ಊರಿನಲ್ಲಿ ನೋಡುವ ಎಂದವರು ಯಾರೂ ಇದುವರೆಗೆ ನೋಡಿದ್ದಿಲ್ಲ.

ಸರ್, ತಲೆ ಎತ್ತಿ. ಒಂದು ಸಂಖ್ಯೆ. ನಾಲ್ಕು ಅಳಿಸಿ ಅರುವತ್ತು ಬರೆಯಬೇಕು, ಅಷ್ಟೆ. ಇದಕ್ಕಿಂತ ಅಗ್ಗದ ಶ್ರದ್ಧಾಂಜಲಿ ನಿಮಗೆ ಎಲ್ಲಿಯೂ ಸಿಗುವುದಿಲ್ಲ. ಈ ಫ್ಲೆಕ್ಸಿಗೆ ಇದಕ್ಕಿಂತ ಹೆಚ್ಚು ಖರ್ಚಾಗಿದೆ. ಇನ್ನೊಂದು ಮಾತು. ಪರೀಕ್ಷೆ ಮಾಡುವ ಟೆಸ್ಟರ್ ಒಪ್ಪದೆ ಯಾವ ಅಪ್‌ಡೇಟೂ ಹೊರಗೆ ಹೋಗಬಾರದು ಎಂದು ನಿಯಮ ಮಾಡಿದವರು ನೀವೇ. ಇವತ್ತು ಬೆಳಿಗ್ಗೆ ಇಲ್ಲಿಗೆ ಹೊರಡುವ ಮೊದಲು ನಾನು ಪಟ್ಟಿಯಲ್ಲಿ ಒಂದು ಹೊಸ ದೋಷ ಬರೆದು ಬಂದಿದ್ದೇನೆ. "ಮೀನು ಸಿಗುತ್ತಿದೆ. ತೀರಾ ಬೇಗ ಸಿಗುತ್ತಿದೆ. ಗಂಭೀರ ದೋಷ." ಅರುವತ್ತು ಕಾಣುವವರೆಗೆ ಸರಿಯಾಯಿತೆಂದು ಅದನ್ನು ನಾನು ಮುಚ್ಚುವುದಿಲ್ಲ. ನನ್ನನ್ನು ತೆಗೆದು ಬೇರೆಯವರನ್ನು ಇಡಬಹುದು. ಇಡಿ. ಆದರೆ ಅದಕ್ಕೂ ಕೈ ಎತ್ತಿಸಿ. ಈ ಸಲ ನನ್ನ ಬಲಗೈ ಎಲ್ಲಿರುತ್ತದೆ ನೋಡಿ.

ಮುಗಿಸುತ್ತೇನೆ. ಇನ್ನು ಮೌನ ಪ್ರಾರ್ಥನೆ. ನಮ್ಮ ಸಭೆಗಳ ಮೌನ ನನಗೆ ಗೊತ್ತು. ಹತ್ತು ಸೆಕೆಂಡಿಗೆ ಯಾರೋ ಕೆಮ್ಮುತ್ತಾರೆ, ಹದಿನೈದಕ್ಕೆ ಅಧ್ಯಕ್ಷರು ಧನ್ಯವಾದ ಹೇಳುತ್ತಾರೆ, ಎಲ್ಲರೂ ಚಾ ಕುಡಿಯಲು ಹೋಗುತ್ತಾರೆ. ಇವತ್ತು ಹಾಗಾಗುವುದಿಲ್ಲ. ಗಡಿಯಾರ ನನ್ನ ಕೈಯಲ್ಲಿದೆ. ಪೂರ್ತಿ ಅರುವತ್ತು ಸೆಕೆಂಡು. ಏನೂ ಆಗುವುದಿಲ್ಲ, ಏನೂ ಸಿಗುವುದಿಲ್ಲ. ಅವನು ನಮ್ಮಿಂದ ಕೇಳಿದ್ದು ಇಷ್ಟೇ. ಹತ್ತು ಕೈ ಸೇರಿ ಅದನ್ನು ಕಿತ್ತುಕೊಂಡೆವು.

ನಲವತ್ತನೆಯ ಸೆಕೆಂಡಿಗೆ ಒಂದು ಮಾತು ಬರಬೇಕು. ದೇವದಾಸಣ್ಣ, ನಿಮ್ಮಿಂದ ಆದರೆ ಹೇಳಿ. ಆಗದಿದ್ದರೆ ಬೇಡ, ನಾವು ಕಾಯುತ್ತೇವೆ.

ಮೊಬೈಲು ಒಳಗಿಡಿ. ಎಲ್ಲರೂ ಏಳಿ. ಸರ್, ನೀವೂ.