ಕೇಳಿಸಿದರೆ ಗುಂಡಿ ಒತ್ತು

…ಹಾಂ, ಈಗ ಸರಿಯಾಯ್ತು. ಕೆಂಪು ಬಲಕ್ಕೆ, ನೀಲಿ ಎಡಕ್ಕೆ. ಕೈಯಲ್ಲಿರೋ ಗುಂಡಿ ಮಾತ್ರ ಬಿಡಬೇಡ ಅಕ್ಕ. ಹೆಡ್‌ಫೋನಲ್ಲಿ ಏನೇ ಕೇಳಿಸಿದ್ರೂ ಒತ್ತು, ಇಲ್ಲಿ ನನ್ನ ಮೆಷಿನ್ ಮೇಲೆ ಹಸಿರು ದೀಪ ಹತ್ತುತ್ತೆ. ಅಯ್ಯೋ, ಬಾಯಿ ತೆಗೀಬೇಡ, ನಾನು ಹೊರಗೆ ಈ ಮೈಕಲ್ಲಿ ಹೇಳಿದ್ದು ನಿನಗೆ ಬರುತ್ತೆ, ನೀನು ಒಳಗಿಂದ ಕಿರುಚಿದ್ರೂ ನನಗೆ ಕೇಳಲ್ಲ. ಗಾಜು ದಪ್ಪ, ಗೋಡೆಗೆಲ್ಲ ಸ್ಪಂಜು, ಒಳಗಿನ ಮೈಕು ಕೆಟ್ಟು ಎರಡು ತಿಂಗಳಾಯ್ತು. ನಿನ್ನ ತಮ್ಮನ ಮಾತನ್ನ ನೀನು ಸುಮ್ಮನೆ ಕೂತು ಕೇಳೋಕೆ ಇರೋದು ಇದೊಂದೇ ಜಾಗ. ನಗಬೇಡ, ಹೆಡ್‌ಫೋನ್ ಜಾರುತ್ತೆ.

ಮೊದಲು ಬರೀ ಬೀಪ್. ಮೂವತ್ತು… ಇಲ್ಲ. ಐವತ್ತು… ಇಲ್ಲ? ಎಪ್ಪತ್ತು… ಎಂಬತ್ತು… ಹಾಂ, ಹತ್ತಿತು. ಎಂಬತ್ತು ಡೆಸಿಬಲ್ ಅಂದ್ರೆ ರಸ್ತೇಲಿ ಲಾರಿ ಹೋದಷ್ಟು ಸದ್ದು ಕಣೆ ಅಕ್ಕ! ಭಾವ ಮೂರು ಸಲ ಕರೆದ್ರೂ ತಿರುಗಿ ನೋಡಲ್ಲ ಅಂತ ಫೋನ್ ಮಾಡಿದಾಗ ನಾನು ನಂಬಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಕಿವಿ ಪರೀಕ್ಷೆ ಮಾಡ್ತಿದ್ದೀನಿ, ಗಂಡ ಕರೆದ್ರೆ ಮಾತ್ರ ಕೇಳಿಸದ ಕಿವಿಗಳನ್ನ ಬೇಕಾದಷ್ಟು ನೋಡಿದ್ದೀನಿ. ನಿನ್ನದು ನಿಜವಾಗ್ಲೂ ಹೋಗಿದೆ ಪಾಪ. ಸರಿ, ಎಂಬತ್ತರಲ್ಲೇ ಮಾತಾಡ್ತೀನಿ.

ಇನ್ನೊಂದು ಪರೀಕ್ಷೆ ಇದೆ. ಹಾಡಿನ ಪರೀಕ್ಷೆ. ಹಾಗೆಲ್ಲ ಹುಬ್ಬು ಹಾರಿಸಬೇಡ, ಇರುತ್ತೆ. ಹಾಡು ನನ್ನದೇ. ಹೌದು, ನಾನೇ ಬರೆದು, ನಾನೇ ಹಾಡಿದ್ದು. ನಲವತ್ತಾರಕ್ಕೆ ಶುರು ಮಾಡಿದೆ, ಏನೀಗ?

ಎಲ್ಲಿ ಕಲಿತೆ ಅಂತೀಯಾ? ನೀನು ಕೂತಿರೋ ಆ ಸ್ಟೂಲ್ ಮೇಲೇ. ಊಟದ ಹೊತ್ತಲ್ಲಿ ಬಾಗಿಲು ಹಾಕ್ಕೊಂಡು ಹಾಡ್ತಿದ್ದೆ. ಮನೇಲಿ ಆಗ್ತಿರಲಿಲ್ಲ. ನಾನು ಬಾಯಿ ತೆಗೆದ ಕೂಡಲೇ ನನ್ನ ಹೆಂಡತಿ ಮಿಕ್ಸಿ ಹಾಕ್ತಿದ್ಲು. ಏನೋ ರುಬ್ತಿದ್ದಾಳೆ ಅಂತ ನಾನೂ ಅಂದ್ಕೊಂಡೆ. ಒಂದು ದಿನ ಹೋಗಿ ನೋಡ್ತೀನಿ, ಜಾರ್ ಖಾಲಿ! ಮೊದಲನೇ ಹಾಡು ಬಸ್ ನಿಲ್ದಾಣದ ಮೇಲೆ. ಎರಡನೇದು ನನ್ನ ಮೇಲೆ. ಮೂರು, ನಾಲ್ಕು, ಐದು… ಅವೂ ನನ್ನ ಮೇಲೇ. ರಿಸೆಪ್ಷನ್ ಹುಡುಗಿಗೆ ಹಾಡಿ ತೋರಿಸಿದೆ. ಸರ್, ನನಗೆ ಸಂಜೆ ಬೇಗ ಹೋಗಬೇಕು ಅಂದ್ಲು. ಆಗ ಬೆಳಗ್ಗೆ ಹನ್ನೊಂದು ಗಂಟೆ. ಎತ್ತರದ ಸ್ವರಕ್ಕೆ ಕೈ ಚಾಚೋಕೆ ಹೋಗಿ ಆ ಮೈಕಿನ ವೈರನ್ನ ಕಿತ್ತಾಕಿದ್ದೂ ನಾನೇ. ನಗು, ನಗು.

ಆದ್ರೆ ಏಳನೇ ಹಾಡು ಇದೆಯಲ್ಲ, ಅದಕ್ಕೆ ಮಿಕ್ಸಿ ನಿಂತುಹೋಯ್ತು. ಹೆಂಡತಿ ಬಂದು ಬಾಗಿಲಲ್ಲಿ ನಿಂತು ಕೇಳಿದ್ಲು. ಕಣ್ಣು ಒದ್ದೆಯಾಗಿತ್ತು. ಇದು ನೀವು ಬರೆದಿದ್ದಾ ಅಂದ್ಲು. ಈ ಶನಿವಾರ ಟೌನ್ ಹಾಲಲ್ಲಿ ಹವ್ಯಾಸಿಗಳ ಸ್ಪರ್ಧೆ, ಕೊನೇ ಸುತ್ತಿಗೆ ಬಂದಿದ್ದೀನಿ. ಪದವೂ ರಾಗವೂ ಸ್ವಂತದ್ದೇ ಆಗಿರಬೇಕು ಅಂತ ನಿಯಮ. ಇಗೋ, ಇದೇ ಫಾರಂ, ಸಹಿ ಹಾಕಿಟ್ಟಿದ್ದೀನಿ. ಕೊಡೋದೊಂದೇ ಬಾಕಿ. ಮುಂದಿನ ಸಾಲಲ್ಲಿ ನಿನಗೆ ಕುರ್ಚಿ ಹಿಡಿದಿಟ್ಟಿದ್ದೀನಿ. ಅದಕ್ಕೂ ಮುಂಚೆ ಒಂದು ಸಲ ಇಲ್ಲಿ ಕೇಳಿಬಿಡು. ಎಂಬತ್ತರಲ್ಲೇ ಹಾಕ್ತೀನಿ.

«ಮೆಲ್ಲಗೆ ಬಾರೋ ಗಾಳಿ, ಚಿಲಕ ಅಲ್ಲಾಡಿಸಬೇಡ,
ಒಳಗೆ ಮಲಗಿದ್ದಾಳೆ ನನ್ನ ಪುಟ್ಟ ಗೆಳತಿ…»

ಯಾಕೆ ನಗ್ತೀಯ? ಗೆಳತಿ ಅಂದಿದ್ದಕ್ಕಾ? ಪ್ರೇಮಗೀತೆ ಕಣೆ, ಗೆಳತಿ ಇರಲೇಬೇಕು. ಸರಿ, ನಗು ಇರಲಿ, ಗುಂಡಿ ಯಾಕೆ ಒತ್ತಲಿಲ್ಲ? ಲಾರಿಗೆ ಒತ್ತಿದೆ, ತಮ್ಮನಿಗೆ ಒತ್ತಲ್ವಾ? ಇನ್ನೊಂದು ಸಲ ಹಾಕ್ತೀನಿ… ಇಲ್ಲ. ತೊಂಬತ್ತು… ಇಲ್ಲ. ಗೋಡೆ ನೋಡ್ತಿದ್ದೀಯಲ್ಲ ಅಕ್ಕ, ಆ ಸ್ಪಂಜಲ್ಲಿ ಏನಿದೆ?

ಅಂದ ಹಾಗೆ ನೀನೂ ಹಾಡ್ತಿದ್ದೆ ಅಲ್ವಾ? ಯಾಕೆ ಬಿಟ್ಟೆ? ಓ, ಅದೊಂದು ದಿನ! ಮನೆ ತುಂಬ ನೆಂಟರು, ನೀನು ಕಣ್ಣು ಮುಚ್ಚಿಕೊಂಡು ಹಾಡ್ತಿದ್ದೆ. ನಾನು ನಿನ್ನ ಹಿಂದೆ ನಿಂತು, ಕತ್ತು ಉದ್ದ ಮಾಡಿ, ಮೇಕೆ ಥರ ಕೂಗಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ನನಗೆ ಚೆನ್ನಾಗಿ ನೆನಪಿದೆ, ನೀನೂ ನಕ್ಕೆ… ನಕ್ಕೆ ತಾನೆ?

ಸರಿ ಬಿಡು. ಹಾಡು ಕೇಳಿಸಿಲ್ಲ ಅಂದ್ರೆ ಕೇಳಿಸಿಲ್ಲ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು.

ಈಗ ಇಪ್ಪತ್ತಕ್ಕೆ ಇಳಿಸಿದ್ದೀನಿ. ಪಿಸುಮಾತಿಗಿಂತ ಕಮ್ಮಿ. ತುಟಿ ನೋಡಿ ತಿಳ್ಕೊಳ್ಳಬಾರದು ಅಂತ ಫಾರಂ ಅಡ್ಡ ಹಿಡಿದಿದ್ದೀನಿ. ನಿನಗೆ ಹೇಳಿದ ಹಾಗೂ ಆಗಬೇಕು, ಕೇಳಿಸದ ಹಾಗೂ ಆಗಬೇಕು. ನಾಳೆ ಯಾರಾದ್ರೂ ಕೇಳಿದ್ರೆ, ಅಕ್ಕನಿಗೆ ಹೇಳಿದ್ದೆ ಅಂತ ಆಣೆ ಮಾಡಬಹುದಲ್ಲ.

ಹಾಡು ನಿನ್ನದು ಅಕ್ಕ. ಪೂರ್ತಿ ಅಲ್ಲ, ಗೆಳತಿ ನನ್ನವಳು. ನೀನು ಹಾಡಿದ್ದು ಸಿಪಾಯಿ ಅಂತ. ‘ಒಳಗೆ ಮಲಗಿದ್ದಾನೆ ನನ್ನ ಪುಟ್ಟ ಸಿಪಾಯಿ.’ ನನಗೆ ಜ್ವರ, ಅಮ್ಮ ಫ್ಯಾಕ್ಟರಿಯಿಂದ ಬಂದಿರಲಿಲ್ಲ, ನಿನಗೆ ಹದಿಮೂರು ವರ್ಷ. ಒದ್ದೆ ಬಟ್ಟೆ ಹಣೆ ಮೇಲಿಟ್ಟು ಹಾಡ್ತಾನೇ ಇದ್ದೆ. ಆರು ಹಾಡು ಬರೆದ ಮೇಲೂ ನನ್ನೊಳಗೆ ಇದೊಂದು ಬಿಟ್ಟು ಬೇರೆ ಹಾಡೇ ಇರಲಿಲ್ಲ. ಎರಡು ಚರಣ ನೆನಪಿತ್ತು. ಮೂರನೇದು ಬರೋ ಹೊತ್ತಿಗೆ ನಿದ್ದೆ ಹೋಗ್ತಿದ್ದೆ ಕಣೆ, ದಿನಾ. ಅಲ್ಲಿಗೆ ನನ್ನದೇ ಏನೋ ತುಂಬಿದ್ದೀನಿ, ದರಿದ್ರವಾಗಿದೆ. ಹೆಂಡತಿಗೆ ನಾನೇ ಬರೆದಿದ್ದು ಅಂದೆ. ಇಲ್ಲೂ ಸಹಿ ಹಾಕಿದೆ. ನಿನ್ನ ಬಾಯಿ ಮುಚ್ಚಿಸಿದವನೂ ನಾನೇ, ಈಗ ಅದೇ ಹಾಡಿಗೆ ಚಪ್ಪಾಳೆ…

ಇದೇನು… ದೀಪ?

ಅಕ್ಕ, ದೀಪ ಹತ್ತಿದೆ. ಯಾವಾಗಿಂದ? ಕೈ ತಪ್ಪಿ ಒತ್ತಿದೆಯಾ? ತಡಿ, ಹತ್ತಕ್ಕೆ ಇಳಿಸ್ತೀನಿ. ಹತ್ತು ಅಂದ್ರೆ ಮನುಷ್ಯರಿಗೆ… ಅಕ್ಕ, ಕೇಳಿಸ್ತಿದೆಯಾ?

ದೀಪ ಇನ್ನೂ ಉರೀತಾನೇ ಇದೆ.

ಹಾಗಾದ್ರೆ ಮೂವತ್ತು, ಐವತ್ತು, ಎಲ್ಲಾ ಕೇಳಿಸಿತ್ತಾ? ಭಾವ ಕರೆದಿದ್ದೂ? ತಪ್ಪಾಯ್ತು ಅಕ್ಕ. ಬೆರಳು ತೆಗಿ, ಆ ದೀಪ ನೋಡಕ್ಕಾಗ್ತಿಲ್ಲ. ಫಾರಂ ಹರಿದು ಹಾಕ್ತೀನಿ… ಹಾಕ್ತೀನಿ ಕಣೆ, ಹಾಗೆ ನೋಡಬೇಡ.

ಏನದು? ತುಟಿ ಅಲ್ಲಾಡ್ತಿದೆ. ಬೈತಿದ್ದೀಯಾ? ಬೈಯೋಕೆ ಯಾರೂ ಕಣ್ಣು ಮುಚ್ಚಿಕೊಳ್ಳಲ್ಲ… ಹಾಡ್ತಿದ್ದೀಯಾ? ಮೂರನೇದಾ? ಏನೂ ಕೇಳಿಸ್ತಿಲ್ಲ ಅಕ್ಕ, ಮೈಕು ಕಿತ್ತಾಕಿದ್ದೀನಲ್ಲ. ತಡಿ, ಬಂದೆ, ಈ ಬಾಗಿಲ ಹಿಡಿ ಬೇರೆ… ಹಾಂ, ತೆಗೆದೆ, ಹಾಡು.

ಯಾಕೆ ನಿಲ್ಲಿಸಿದೆ?

ಅಕ್ಕ, ಹಾಡು. ನಗಲ್ಲ. ಹೆಡ್‌ಫೋನ್ ತೆಗೆದು ನನ್ನ ತಲೆಗೆ ಯಾಕೆ ಹಾಕ್ತಿದ್ದೀಯ? ನೀನು ಹೊರಗೆ ಎಲ್ಲಿಗೆ… ನನ್ನ ಮೈಕಿನ ಹತ್ರಾನಾ? ಬಾಗಿಲು ಹಾಕಬೇಡ ಅಕ್ಕ, ಒಳಗಿಂದ ನಾನು ಮಾತಾಡಿದ್ರೆ ನಿನಗೆ—